ಉಳಿತಾಯದ ಉಸಿರು

ಆ ಮನೆಯಲ್ಲಿ ಜಗಳ ಹುಟ್ಟುತ್ತಿದ್ದದ್ದು ಹಿತ್ತಲ ನಲ್ಲಿಯ ಹತ್ತಿರ. ಬೆಳಗಿನ ಹೊತ್ತು ಸ್ವಲ್ಪವೇ ನೀರು ಬರುತ್ತಿತ್ತು, ಅದೂ ನೂಲಿನ ಹಾಗೆ. ಅಷ್ಟರಲ್ಲೇ ಕುಡಿಯುವುದಕ್ಕೆ ಹಿಡಿಯಬೇಕು, ಅಡಿಗೆಗೆ ಹಿಡಿಯಬೇಕು, ಉಳಿದದ್ದರಲ್ಲಿ ಸಮುದ್ರದಿಂದ ಬಂದ ಸಾಮಾನನ್ನೆಲ್ಲ ಅದ್ದಿ ಉಪ್ಪು ಬಿಡಿಸಬೇಕು. ಉಪ್ಪು ಉಳಿದರೆ ರಬ್ಬರು ಬಿರಿಯುತ್ತದೆ, ಗಾಜು ಮಸುಕಾಗುತ್ತದೆ. ಈ ಕೆಲಸ ಅತ್ತೆಯದು. ಒಂದು ಬಕೆಟ್ಟಿನಲ್ಲಿ ಗಂಡನ, ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕುಗಳು, ಬಾಯಿಗೆ ಕಚ್ಚಿಕೊಂಡು ಉಸಿರಾಡುವ ಕೊಳವೆಗಳು. ಇನ್ನೊಂದರಲ್ಲಿ ಸೊಸೆಯ ಕಪ್ಪು ರಬ್ಬರಿನ ಉಡುಪು. ಅದು ಬಕೆಟ್ಟಿನ ನೀರನ್ನೆಲ್ಲ ಹೀರಿಕೊಂಡು ಎಮ್ಮೆಯ ಹಾಗೆ ಮಲಗುತ್ತಿತ್ತು.

“ನಿನ್ನ ಈ ಒಂದು ಅಂಗಿಗೆ ಹಿಡಿಯೋ ನೀರಲ್ಲಿ ನಾನು ಮನೆಮಂದಿ ಬಟ್ಟೆನೆಲ್ಲ ಒಗೆದು ಹಾಕ್ತೀನಿ ಕಣೆ.”

“ನಾನೇ ತೊಳ್ಕೋತೀನಿ ಬಿಡಿ ಅತ್ತೆ.”

“ನೀನು ತೊಳೆದ್ರೆ ನಲ್ಲಿ ಪೂರ್ತಿ ತಿರುಗಿಸ್ತೀಯ. ಬೇಡ, ಕೊಡು ಇಲ್ಲಿ.”

ಮಾಸ್ಕು ಅದ್ದಿದ ನೀರಲ್ಲೇ ರಬ್ಬರು, ರಬ್ಬರು ಅದ್ದಿದ ನೀರಲ್ಲೇ ಅಂಗಳ, ಅಂಗಳದಿಂದ ಉಳಿದದ್ದು ಕಕ್ಕಸಿಗೆ. ಆ ಮನೆಯಲ್ಲಿ ಯಾವುದೂ ಒಂದೇ ಸಲಕ್ಕೆ ಮುಗಿಯುತ್ತಿರಲಿಲ್ಲ. ಅತ್ತೆಗೂ ಅತ್ತೆಯಾದ ಅಜ್ಜಿ ಉರಿದ ಬೆಂಕಿಕಡ್ಡಿಯನ್ನು ಎತ್ತಿಟ್ಟು, ಒಂದು ಒಲೆಯಿಂದ ಇನ್ನೊಂದಕ್ಕೆ ಬೆಂಕಿ ದಾಟಿಸುವಾಗ ಮತ್ತೆ ಬಳಸುತ್ತಿದ್ದಳು. ಅವಳ ಮಗ, ಅತ್ತೆಯ ಗಂಡ, ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಬಳಿದುಕೊಳ್ಳುತ್ತಿದ್ದ.

ಆ ಮಗನನ್ನು ಬಂದರಿನವರೆಲ್ಲ ದಮ್ಮಣ್ಣ ಅನ್ನುತ್ತಿದ್ದರು. ತಾಯಿ ಇಟ್ಟ ಹೆಸರು ಏನೋ ಇತ್ತು, ತಾಯಿಯೂ ಈಗ ಅದನ್ನು ಕರೆಯುತ್ತಿರಲಿಲ್ಲ. ಹುಡುಗನಾಗಿದ್ದಾಗಿನಿಂದ ಅವನಷ್ಟು ಹೊತ್ತು ದಮ್ಮು ಕಟ್ಟಿ ನೀರಲ್ಲಿ ಇರುವವರು ಆ ದಡದಲ್ಲಿ ಇರಲಿಲ್ಲ. ಅವನದೊಂದು ದೋಣಿ ಇತ್ತು. ಊರು ನೋಡಲು ಬಂದವರನ್ನು ಕೂರಿಸಿಕೊಂಡು ದಡಕ್ಕೆ ಹತ್ತಿರದ ಹವಳದ ದಿಬ್ಬಕ್ಕೆ ಕರೆದೊಯ್ಯುತ್ತಿದ್ದ. ಬಂದವರು ಅದನ್ನು ಸ್ನಾರ್ಕೆಲಿಂಗ್ ಅನ್ನುತ್ತಿದ್ದರು, ದಮ್ಮಣ್ಣ ಮುಖ ಅದ್ದೋದು ಅನ್ನುತ್ತಿದ್ದ. ಮಾಸ್ಕು ಹಾಕಿ, ಕೊಳವೆ ಕಚ್ಚಿ, ಬೋರಲಾಗಿ ತೇಲಿದರೆ ಆಯಿತು. ಅವರು ತೇಲುತ್ತಿರುವಾಗ ಅವನು ಕೆಳಗೆ ಮುಳುಗಿ, ಬಂಡೆಯ ಸಂದಿಯಲ್ಲಿ ಅವಿತ ಮೀನನ್ನು ಬೆರಳಿನಿಂದ ತೋರಿಸಿ, ಮೇಲೆ ಬಂದು, “ನೋಡಿದ್ರಾ? ಅವನಿಗೆ ಹೆಂಡ್ತಿ ಕಂಡ್ರೆ ಭಯ, ಅದಕ್ಕೇ ಒಳಗೆ ಕೂತಿದಾನೆ,” ಅನ್ನುತ್ತಿದ್ದ. ಜನ ಮೀನಿಗಿಂತ ಇವನ ಮಾತಿಗೆ ದುಡ್ಡು ಕೊಡುತ್ತಿದ್ದರು ಅಂದರೂ ತಪ್ಪಲ್ಲ.

ಸೊಸೆಯ ಕೆಲಸ ಬಂದರಿನ ಆ ತುದಿಯ ಸ್ಕೂಬಾ ಅಂಗಡಿಯಲ್ಲಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವುದನ್ನು ಕಲಿಸುವವಳು ಅವಳು. ಅವಳ ಗಂಡ, ಈ ಮನೆಯ ಮಗ, ಫ್ರಿಜ್ ರಿಪೇರಿ ಮಾಡುತ್ತಿದ್ದ. ಅವನಿಗೆ ಕಟ್ಟಿಹಾಕಿದ ದೋಣಿ ಕಂಡರೂ ವಾಕರಿಕೆ. ಅಪ್ಪನ ನೀರಿನ ನಂಟು ಅವನ ತಲೆಯ ಮೇಲಿಂದ ಹಾರಿ ಅವನ ಹೆಂಡತಿಗೆ ಸಿಕ್ಕಿತು ಎಂದು ಅಜ್ಜಿ ಛೇಡಿಸುತ್ತಿದ್ದಳು.

ಆ ವರ್ಷ ಸಮುದ್ರ ಕಾಯಿತು. ವಾರಗಟ್ಟಲೆ ನೀರು ಸ್ನಾನದ ಹಂಡೆಯ ಹಾಗೆ ಬೆಚ್ಚಗೆ ನಿಂತು, ದಡದ ಹತ್ತಿರದ ಹವಳವೆಲ್ಲ ಬಿಳಿಚಿಕೊಂಡಿತು. ಮೀನುಗಳು ಎಲ್ಲಿಗೋ ಹೋದವು. ಒಂದು ದಿನ ದಮ್ಮಣ್ಣ ಅನ್ನ ಬೇಯುವ ಮುಂಚೆಯೇ ಮನೆಗೆ ಬಂದ.

“ಏನ್ರೀ ಇಷ್ಟು ಬೇಗ? ಅನ್ನ ಇನ್ನೂ ಆಗಿಲ್ಲ.”

“ನನಗೂ ಹಸಿವಿಲ್ಲ ಬಿಡು.”

ಹೆಂಡತಿ ಸೌಟು ಕೆಳಗಿಟ್ಟಳು. ಮದುವೆಯಾದಾಗಿನಿಂದ ಅವನ ಬಾಯಲ್ಲಿ ಆ ಮಾತು ಅವಳು ಕೇಳಿರಲಿಲ್ಲ.

“ಸುಣ್ಣ ಬಳಿದ ಗೋಡೆ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ ಅಂದ್ರು. ನಾನೂ ನಗಿಸೋಕೆ ನೋಡ್ದೆ. ನಗಲಿಲ್ಲ. ದುಡ್ಡು ವಾಪಸ್ ಕೇಳಿದ್ರು, ಕೊಟ್ಟೆ.”

“ಕೊಟ್ಯಾ?” ಅಂದಳು ಅಜ್ಜಿ ಒಳಗಿನಿಂದ.

“ಕೊಡದೆ ಏನು ಮಾಡ್ಲಿ ಅಮ್ಮ? ಅವರು ಹೇಳಿದ್ದು ನಿಜ.”

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಅದೇ ಮಾತು. ಬೇಯಿಸಿದ ಮೊಟ್ಟೆ, ಅನ್ನ, ಹುರುಳಿಕಾಯಿ. ಮೀನು ಇರಲಿಲ್ಲ.

“ಹೊರಗಿನ ಬಂಡೆ ಹತ್ರ ಎಲ್ಲ ಚೆನ್ನಾಗೇ ಇದೆ ಮಾವ,” ಅಂದಳು ಸೊಸೆ. “ಅಲ್ಲಿ ಆಳ. ನೀರು ತಣ್ಣಗಿದೆ. ನಿನ್ನೆ ತಾನೆ ನೋಡ್ಕೊಂಡು ಬಂದೆ.”

“ಅಲ್ಲಿಗೆ ನನ್ನ ಕೊಳವೆ ಮುಟ್ಟುತ್ತಾ?”

“ಮುಟ್ಟಲ್ಲ.”

“ಮತ್ತೆ ಯಾಕೆ ಹೇಳ್ತೀಯ?”

“ಅಪ್ಪ, ನೀವು ಸ್ಕೂಬಾ ಕಲೀರಿ,” ಅಂದ ಮಗ. “ಸಮುದ್ರದ ಒಳಗಿನ ದಾರಿ ನಿಮ್ಮಷ್ಟು ಯಾರಿಗೆ ಗೊತ್ತಿದೆ? ಇವಳ ಅಂಗಡಿ ಯಜಮಾನ ಅವತ್ತೇ ಹೇಳಿದ್ನಂತೆ, ನಿಮ್ಮ ಮಾವ ಕಲಿತ್ರೆ ನಾಳೆನೇ ಕೆಲಸಕ್ಕೆ ತಗೋತೀನಿ ಅಂತ.”

ದಮ್ಮಣ್ಣ ಮೊಟ್ಟೆ ಒಡೆಯುತ್ತ ನಕ್ಕ. “ಗಾಳಿ ಕಟ್ಕೊಂಡು ಹೋಗೋದು ಗಾಳಿ ಇಲ್ಲದೋರು. ಬೆನ್ನ ಮೇಲೊಂದು ಕಬ್ಬಿಣ, ಸೊಂಟಕ್ಕೊಂದು ಸೀಸ, ಕೈಗೊಂದು ಗಡಿಯಾರ. ನಾನು ಚಡ್ಡಿ ಹಾಕ್ಕೊಂಡು ಹೋಗಿ ಬರ್ತೀನಿ.”

“ಹೋಗಿ ಬರ್ತೀರ, ಸರಿ. ಎಷ್ಟು ಹೊತ್ತು ಇರ್ತೀರ?” ಸೊಸೆ ಬಿಡಲಿಲ್ಲ. “ನಿಮ್ಮದು ಮಹಡಿ ಮೇಲಿಂದ ಬೀದಿ ನೋಡಿದ ಹಾಗೆ ಮಾವ. ಓಡಿ ಕೆಳಗಿಳಿದು, ಒಂದು ಸಾಮಾನು ಮುಟ್ಟಿ, ಓಡಿ ಮೇಲೆ ಹತ್ತೋದು. ನಮ್ಮದು ಬೀದೀಲಿ ನಿಧಾನವಾಗಿ ನಡೆಯೋದು.”

“ಮಹಡಿ ಮೇಲೆ ನಿಂತೇ ಇಷ್ಟು ವರ್ಷ ನಿನ್ನ ಗಂಡನಿಗೆ ಅನ್ನ ಹಾಕಿದೀನಿ. ಅಲ್ಲಿ ಬಿಸಿಲು ಬೀಳುತ್ತೆ, ತಲೆ ಎತ್ತಿದ್ರೆ ಮಾತಾಡ್ಬಹುದು. ನಿಮ್ಮ ಬೀದೀಲಿ ಮಾತಾಡೋ ಹಾಗಿದ್ಯಾ?”

“ಇಲ್ಲ. ಕೈ ಸನ್ನೆ.”

“ನೋಡಿದ್ಯಾ? ನನ್ನನ್ನ ಮೂಗನನ್ನ ಮಾಡೋಕೆ ಹೊರಟಿದಾರೆ,” ಅಂತ ಅವನು ತಾಯಿಗೆ ದೂರು ಹೇಳಿದ.

“ಒಳ್ಳೇದೇ ಆಯ್ತು, ಹೋಗು,” ಅಂದಳು ಅಜ್ಜಿ.

ಅತ್ತೆ ಮಾತ್ರ ನಗಲಿಲ್ಲ. “ಈ ವಯಸ್ಸಲ್ಲಿ ಸಿಲಿಂಡರ್ ಕಟ್ಕೊಂಡು ಮುಳುಗೋದು ಏನೂ ಬೇಡ,” ಅಂದು ತಟ್ಟೆ ಎತ್ತಿದಳು.

ಬೇಡ ಅಂದರೂ ಹೊಟ್ಟೆ ಕೇಳಬೇಕಲ್ಲ. ಆಮೇಲಿನ ವಾರಗಳಲ್ಲಿ ದಮ್ಮಣ್ಣ ಬೆಳಿಗ್ಗೆ ದೋಣಿಯ ಹತ್ತಿರ ಹೋಗಿ, ಮಧ್ಯಾಹ್ನದವರೆಗೆ ಕೂತು, ಹಾಗೇ ವಾಪಸಾಗುತ್ತಿದ್ದ. ಮನೆಯಲ್ಲಿ ಕೂತರೆ ಕೆಟ್ಟಿಲ್ಲದ ಸಾಮಾನನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ. ಅಡಿಗೆಮನೆಯ ಬಾಗಿಲಿನ ಚಿಲಕ ಸರಿಮಾಡಿದ, ಅದು ಆಮೇಲೆ ಹಾಕಿಕೊಳ್ಳಲೇ ಇಲ್ಲ. ಹೆಂಡತಿ ಈರುಳ್ಳಿ ಹೆಚ್ಚಿದರೆ, “ಸಿಪ್ಪೆ ದಪ್ಪ ತೆಗೀತಿದೀಯ,” ಅನ್ನುತ್ತಿದ್ದ. ಒಂದು ದಿನ ಅವಳು ಚಾಕು ಅವನ ಕೈಗೇ ಕೊಟ್ಟು ಹೊರಗೆ ಹೋಗಿ ಕೂತಳು. ಮಾರನೆಯ ಬೆಳಿಗ್ಗೆ ಅವನು ಸೊಸೆಯ ಹಿಂದೆ ಅಂಗಡಿಗೆ ಹೊರಟ.

ಮೊದಲ ಪಾಠ ಅಂಗಡಿಯ ಹಿಂದಿನ ಈಜುಕೊಳದಲ್ಲಿ. ಜೊತೆಗೆ ಕಲಿಯುವವಳು ಇನ್ನೊಬ್ಬಳಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಹಾಗಾಗಿ ದಮ್ಮಣ್ಣ ಅವಳನ್ನು ಬ್ಯಾಂಕಮ್ಮ ಅಂದ. ಸೊಸೆ ಇಬ್ಬರಿಗೂ ಹೇಳಿದ ಮೊದಲ ಮಾತು ಒಂದೇ.

“ಏನು ಮರೆತ್ರೂ ಇದನ್ನ ಮರೀಬೇಡಿ. ನೀರೊಳಗೆ ಉಸಿರು ಹಿಡೀಬಾರದು. ಯಾವತ್ತೂ ಹಿಡೀಬಾರದು.”

ದಮ್ಮಣ್ಣ ಕೈ ಎತ್ತಿದ. “ಇದು ನನಗೆ ಹೇಳ್ತಿದೀಯಾ?”

“ನಿಮಗೇ ಹೇಳ್ತಿರೋದು ಮಾವ. ಕೊಳವೆ ಹಾಕ್ಕೊಂಡು ಮುಳುಗೋವಾಗ ಮೇಲಿನ ಗಾಳಿನೇ ಒಳಗೆ ತಗೊಂಡು ಹೋಗ್ತೀರ. ಆಳದಲ್ಲಿ ಅದು ಕುಗ್ಗುತ್ತೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತೆ. ಸಿಲಿಂಡರ್ ಹಾಗಲ್ಲ. ಆಳದಲ್ಲೇ ಎದೆ ತುಂಬ ಗಾಳಿ ತುಂಬುತ್ತೆ. ಅದನ್ನ ಹಿಡ್ಕೊಂಡು ಮೇಲೆ ಬಂದ್ರೆ ಹಿಗ್ಗುತ್ತೆ, ಎದೆ ತಡೆಯಲ್ಲ.”

ಊಟದ ಹೊತ್ತಿಗೆ ಮಗನೂ ಅದನ್ನೇ ಹೇಳಿದ. “ಗ್ಯಾಸು ಹಿಗ್ಗೋಕೆ ದಾರಿ ಇಲ್ಲ ಅಂದ್ರೆ ಪೈಪ್ ಒಡೆಯುತ್ತೆ ಅಪ್ಪ. ನಾನು ದಿನಾ ನೋಡ್ತೀನಿ.”

“ಆಯ್ತಪ್ಪ, ನಾನು ಫ್ರಿಜ್ಜು.”

ಉಳಿದದ್ದೆಲ್ಲ ಅವನಿಗೆ ಎಡಗೈ ಕೆಲಸವಾಯಿತು. ಮಾಸ್ಕಿಗೆ ನೀರು ತುಂಬಿಸಿ ಊದಿ ತೆಗೆಯುವುದು, ಕಿವಿಯ ಒತ್ತಡ ಬಿಡಿಸುವುದು, ಬಾಯಿಂದ ಕಳಚಿದ ಗಾಳಿಯ ನಳಿಗೆಯನ್ನು ಹುಡುಕಿ ಮತ್ತೆ ಕಚ್ಚುವುದು. ಬ್ಯಾಂಕಮ್ಮ ಪ್ರತಿಯೊಂದಕ್ಕೂ ಮೂರು ಸಲ ಮೇಲೆದ್ದು ಕೆಮ್ಮುತ್ತಿದ್ದಳು. ಪಾಠ ಮುಗಿದಾಗ ದಮ್ಮಣ್ಣ ಸಿಲಿಂಡರಿನಲ್ಲಿ ಉಳಿದ ಗಾಳಿ ಅಳೆಯುವ ಮುಳ್ಳನ್ನು ತೋರಿಸಿ ಹಿಗ್ಗಿದ.

“ನೋಡು, ಅವರದು ತಳ ಹಿಡಿದಿದೆ. ನಂದು ಅರ್ಧಕ್ಕಿಂತ ಜಾಸ್ತಿ ಹಾಗೇ ಇದೆ!”

ಸೊಸೆಯ ಮುಖ ಕೆಂಪಾಯಿತು. “ಉಳಿಸ್ತಿದೀರಾ ಮಾವ?”

“ಮತ್ತೆ? ಅಷ್ಟು ಕಷ್ಟಪಟ್ಟು ತುಂಬಿಸಿರೋ ಗಾಳಿ.”

“ಇದನ್ನ ಉಳಿಸೋ ಹಾಗಿಲ್ಲ. ಖರ್ಚು ಮಾಡೋಕೇ ಇರೋದು.”

ಆ ಮಾತು ಆ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಹೇಗೆ ಅರ್ಥವಾಗಬೇಕು? ಅವನು ತಲೆಯಾಡಿಸಿದ. ಮಾರನೆಯ ದಿನವೂ ಅವನ ಬಾಯಿಂದ ಗುಳ್ಳೆಗಳು ಬಹಳ ಹೊತ್ತಿಗೊಂದು ಸಲ, ಮನಸ್ಸಿಲ್ಲದ ಮನಸ್ಸಿನಿಂದ ಹೊರಟವು.

ಆಗಿನಿಂದ ಸೊಸೆ ಮನೆಯಲ್ಲೂ ಅವನನ್ನು ಗಮನಿಸತೊಡಗಿದಳು. ಸೂಜಿಗೆ ದಾರ ಪೋಣಿಸುವಾಗ ಅವನ ಉಸಿರು ನಿಲ್ಲುತ್ತಿತ್ತು. ತುಂಬಿದ ಬಕೆಟ್ ಎತ್ತುವಾಗ ನಿಲ್ಲುತ್ತಿತ್ತು. ಯಾರಾದರೂ ಮುಖ್ಯವಾದದ್ದು ಹೇಳುತ್ತಿದ್ದರೆ ಕೇಳಿಸಿಕೊಳ್ಳುವಾಗಲೂ ನಿಲ್ಲುತ್ತಿತ್ತು. ಅವಳು ಎಲ್ಲರನ್ನೂ ಕೂರಿಸಿ ಒಂದು ಕೆಲಸ ಹಚ್ಚಿದಳು. ಅವನು ದಮ್ಮು ಕಟ್ಟಿದ್ದು ಕಂಡವರು ತಕ್ಷಣ “ಉಸಿರು” ಅನ್ನಬೇಕು.

ಅಜ್ಜಿಗೆ ಇಂಥ ಅಧಿಕಾರ ಬಹಳ ವರ್ಷಗಳಿಂದ ಸಿಕ್ಕಿರಲಿಲ್ಲ. ದಮ್ಮಣ್ಣ ಚಪ್ಪಲಿ ಹುಡುಕಲು ಬಗ್ಗಿದರೆ, “ಉಸಿರು!” ಬಿಸಿ ಟೀ ಬಾಯಿಗಿಟ್ಟರೆ, “ಉಸಿರು!” ಬಚ್ಚಲಿನಲ್ಲಿದ್ದರೂ ಹೊರಗಿನಿಂದ ಕೂಗುತ್ತಿದ್ದಳು.

“ಅಮ್ಮ, ಬಾಗಿಲು ಹಾಕಿದೀನಿ. ನಿನಗೆ ಹೇಗೆ ಗೊತ್ತು ನಾನು ಉಸಿರಾಡ್ತಿಲ್ಲ ಅಂತ?”

“ಹೆತ್ತಿರೋದು ನಾನು. ನನಗೆ ಗೊತ್ತಾಗುತ್ತೆ.”

ಗಾಳಿ ತಪ್ಪಿಹೋದರೆ “ಆ” ಎಂದು ಸಣ್ಣಗೆ ಊದುತ್ತ ಮೇಲೆ ಬರಬೇಕು ಎಂದು ಸೊಸೆ ಕಲಿಸಿದ್ದಳು. ಅದನ್ನು ಅವನು ಹಿತ್ತಲ ತೊಟ್ಟಿಗೆ ಮುಖ ಅದ್ದಿ ಅಭ್ಯಾಸ ಮಾಡಿದ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, “ಹಲ್ಲು ನೋವಾ?” ಎಂದು ಕೇಳಿದಳು. ಊಟ ಚೆನ್ನಾಗಿದೆ ಎಂದು ಹೆಬ್ಬೆರಳು ಎತ್ತಿದರೆ ಸೊಸೆ, “ಅದು ಮೇಲೆ ಹೋಗೋಣ ಅನ್ನೋ ಸನ್ನೆ ಮಾವ, ಇನ್ನೂ ಊಟ ಮುಗಿದಿಲ್ಲ,” ಎಂದು ನಗಿಸುತ್ತಿದ್ದಳು. ಕೆಲವು ದಿನ ಆ ಮನೆ ನಗುತ್ತಿತ್ತು. ನಲ್ಲಿಯ ಹತ್ತಿರವೂ ಜಗಳ ಕಮ್ಮಿಯಾಯಿತು.

ಆದರೆ ಸಮುದ್ರದಲ್ಲಿ ಸೊಸೆ ನೋಡುತ್ತಿದ್ದದ್ದು ಬೇರೆ. ಆರಾಮವಾಗಿದ್ದಾಗ ಅವನು ಸರಿಯಾಗಿ ಉಸಿರಾಡುತ್ತಿದ್ದ. ಬೆಚ್ಚಿದನೋ, ಏನಾದರೂ ಹೊಸದು ಕಂಡನೋ, ಗುಳ್ಳೆ ನಿಂತುಹೋಗುತ್ತಿತ್ತು. ಕಡೆಗೆ ಒಂದು ಸಂಜೆ ಅವಳು ಗಂಡನಿಗೆ ಅಡಿಗೆಮನೆಯಲ್ಲಿ ಹೇಳಿಬಿಟ್ಟಳು.

“ನಾನು ಮಾವನ್ನ ಪಾಸ್ ಮಾಡಲ್ಲ.”

“ಏನಂದೆ?”

“ಅವರ ಮೈಗೆ ಅದು ಬಂದ್ಬಿಟ್ಟಿದೆ. ಕಣ್ಣು ಮಿಟುಕಿಸಿದ ಹಾಗೆ ದಮ್ಮು ಕಟ್ತಾರೆ. ನಾನು ಹೂಂ ಅಂದ್ರೆ ನಾಳೆಯಿಂದ ನಾನಿಲ್ಲದೆ ಇಳೀತಾರೆ.”

“ಊರೋರಿಗೆಲ್ಲ ಪಾಸು, ನಮ್ಮಪ್ಪನಿಗೆ ಫೇಲಾ?”

“ನಿಮ್ಮಪ್ಪ ಅಂತಾನೇ ಹೇಳ್ತಿರೋದು.”

“ಅವರ ಮುಖ ನೋಡಿದ್ಯಾ ನೀನು? ಎಷ್ಟು ದಿನ ಆದ್ಮೇಲೆ ಹೊಟ್ಟೆ ತುಂಬ ಊಟ ಮಾಡ್ತಿದಾರೆ. ನೀನೇ ಹೇಳು ಹೋಗಿ, ನಾನು ಹೇಳಲ್ಲ.”

ಚಿಲಕ ಹಾಕಿಕೊಳ್ಳದ ಬಾಗಿಲು. ಆಚೆ ಅಕ್ಕಿ ಆರಿಸುತ್ತಿದ್ದ ಅತ್ತೆಗೆ ಎಲ್ಲ ಕೇಳಿಸಿತು. ಮಾರನೆಯ ಬೆಳಿಗ್ಗೆ ಅವಳು ನಲ್ಲಿಯ ಹತ್ತಿರ, ಸೊಸೆಯ ರಬ್ಬರಿನ ಉಡುಪನ್ನು ಹಿಂಡದೆ ಕೈಯಲ್ಲೇ ಹಿಡಿದುಕೊಂಡು ನಿಂತಳು. ನೀರು ಅವಳ ಕಾಲ ಮೇಲೆ ಸುರಿಯುತ್ತಿತ್ತು.

“ಅವರು ಇಳಿಯೋದು ಬೇಡ ಅಂದೋಳು ನಾನೇ,” ಅಂದಳು. “ಈಗಲೂ ನನಗೆ ಭಯಾನೇ. ಆದ್ರೆ ಅವರು ಮನೇಲಿ ಕೂತಿರೋದನ್ನ ನೋಡೋಕೆ ನನ್ನ ಕೈಲಾಗಲ್ಲ ಕಣೆ. ಇನ್ನೊಂದು ಸಲ ನೋಡು. ಅವರು ಕಲೀತಾರೆ.”

ಅತ್ತೆ ಸೊಸೆಯನ್ನು ಏನನ್ನೂ ಬೇಡಿದವಳಲ್ಲ. ಸೊಸೆಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವಳು ನಲ್ಲಿ ನಿಲ್ಲಿಸಿದಳು.

“ಇನ್ನೊಂದು ಸಲ ಇಳಿಸ್ತೀನಿ ಅತ್ತೆ. ನನ್ನ ಪಕ್ಕದಲ್ಲೇ ಇಟ್ಕೋತೀನಿ. ಆಗಲೂ ಹಾಗೇ ಆದ್ರೆ ನೀವು ಯಾರೂ ನನ್ನ ಕೇಳ್ಬಾರದು.”

“ಕೇಳಲ್ಲ.”

ಆ ದಿನ ಹೊರಗಿನ ಬಂಡೆಯ ಹತ್ತಿರ ನೀರು ತಿಳಿಯಾಗಿತ್ತು. ಸೊಸೆ, ದಮ್ಮಣ್ಣ, ಬ್ಯಾಂಕಮ್ಮ ಮೂವರೂ ಹಗ್ಗ ಹಿಡಿದು ಇಳಿದರು. ದಮ್ಮಣ್ಣ ಮೊದಲು ನಿರಾಶನಾದ. ಹವಳ ತುಂಬಿತ್ತು, ಮೀನು ತುಂಬಿತ್ತು, ಆದರೆ ಎಲ್ಲವೂ ನೀಲಿ ಬೂದು. ಕೆಂಪು ಎಲ್ಲಿ ಎಂದು ಅವನು ಎರಡೂ ಕೈ ಅಗಲಿಸಿ ಕೇಳಿದ. ಸೊಸೆ ಸೊಂಟದ ಟಾರ್ಚ್ ತೆಗೆದು ಬಂಡೆಯ ಮೇಲೆ ಬೆಳಕು ಬಿಟ್ಟಳು. ಅಷ್ಟು ಆಳಕ್ಕೆ ಬಿಸಿಲಿನ ಕೆಂಪು ಇಳಿಯುವುದಿಲ್ಲ, ಬೆಳಕು ಹತ್ತಿರ ಹಿಡಿದರೆ ಮಾತ್ರ ಕಾಣುತ್ತದೆ. ಕುಂಕುಮದ ಬಣ್ಣ, ಕಿತ್ತಳೆ, ಹಳದಿ ಎಲ್ಲ ಒಮ್ಮೆಗೇ ಎದ್ದು ನಿಂತವು. ದಮ್ಮಣ್ಣ ಟಾರ್ಚನ್ನು ಅವಳ ಕೈಯಿಂದ ಕಿತ್ತುಕೊಂಡು, ಮಗುವಿನ ಹಾಗೆ ಇಲ್ಲಿಗೆ ಹಿಡಿ, ಅಲ್ಲಿಗೆ ಹಿಡಿ ಮಾಡತೊಡಗಿದ. ಗುಳ್ಳೆಗಳು ಧಾರಾಳವಾಗಿ ಹೋಗುತ್ತಿದ್ದವು. ಸೊಸೆ ಅದನ್ನು ನೋಡಿದಳು. ಪಾಸ್ ಎಂದು ಅವಳ ಮನಸ್ಸು ಆಗಲೇ ಹೇಳಿತ್ತು.

ಬ್ಯಾಂಕಮ್ಮನ ಮಾಸ್ಕಿಗೆ ನೀರು ನುಗ್ಗಿದ್ದು ಆಗಲೇ. ಅವಳು ಗಾಬರಿಯಾಗಿ ಬಾಯಲ್ಲಿದ್ದ ನಳಿಗೆಯನ್ನು ಉಗುಳಿ ಕೈಕಾಲು ಬಡಿದಳು. ಸೊಸೆ ಅವಳ ಕಡೆಗೆ ತಿರುಗುವಷ್ಟರಲ್ಲಿ ದಮ್ಮಣ್ಣ ಅವಳ ತೋಳಿನ ಕೆಳಗೆ ಕೈ ಹಾಕಿ ಆಗಿತ್ತು. ಮುಳುಗುವವರನ್ನು ಅವನು ಎಷ್ಟೋ ಸಲ ಎತ್ತಿದ್ದ, ಎತ್ತುವುದು ಅವನಿಗೆ ಒಂದೇ ರೀತಿ ಗೊತ್ತಿತ್ತು. ಎದೆ ತುಂಬ ಉಸಿರೆಳೆದು, ಬಾಯಿ ಬಿಗಿಹಿಡಿದು, ಎರಡು ಕಾಲೂ ಒದ್ದು ನೇರ ಮೇಲಕ್ಕೆ. ಸೊಸೆ ಅವನ ಪಾದದ ರಬ್ಬರಿನ ರೆಕ್ಕೆ ಹಿಡಿದಳು, ಅದು ಕಳಚಿ ಕೈಗೇ ಬಂತು. ಅವಳು ಕೆಳಗಿನಿಂದ ಕೂಗಿದಳು. ನೀರೊಳಗೆ ಕೂಗಿದರೆ ಯಾರಿಗೆ ಕೇಳುತ್ತದೆ? ಬ್ಯಾಂಕಮ್ಮ ಚೀರುತ್ತಲೇ ಮೇಲೆ ಹೋದಳು, ಅವಳ ಬಾಯಿಂದ ಗುಳ್ಳೆ ಸುರಿಯುತ್ತಿತ್ತು. ದಮ್ಮಣ್ಣನ ಬಾಯಿಂದ ಒಂದೂ ಬರಲಿಲ್ಲ.

ಸೊಸೆ ಮೇಲೆ ಬಂದಾಗ ಅವನು ದೋಣಿಯ ಅಂಚು ಹಿಡಿದು ನಗುತ್ತಿದ್ದ.

“ನೋಡಿದ್ಯಾ? ಎತ್ಕೊಂಡ್ ಬಂದೆ. ಈಗ್ಲಾದ್ರೂ ಪಾ...”

ಆಮೇಲೆ ಕೆಮ್ಮಿದ. ತುಟಿಯ ಮೇಲೆ ಬಂದ ನೊರೆ ಕೆಂಪಗಿತ್ತು.

ಆಸ್ಪತ್ರೆಯಲ್ಲಿ ಪಕ್ಕೆಗೆ ಕೊಳವೆ ಹಾಕಿ ಒಳಗೆ ಸೋರಿದ ಗಾಳಿ ತೆಗೆದರು. ಶ್ವಾಸಕೋಶ ಹರಿದಿತ್ತು. ಆ ಗಾಳಿ ತಲೆಗೆ ಏರದೆ ಬದುಕಿದ್ದೇ ದೊಡ್ಡದು ಎಂದು ಡಾಕ್ಟರು ಹೇಳಿದರು. ಮನೆಗೆ ಕಳಿಸುವ ದಿನ ಇನ್ನೊಂದು ಮಾತನ್ನೂ ಹೇಳಿದರು.

“ಇನ್ನು ಸಿಲಿಂಡರ್ ಹಾಕೋ ಹಾಗಿಲ್ಲ.”

“ಬೇಡ ಬಿಡಿ. ನಂದು ಹಳೇದಿದೆ,” ಅಂದ ದಮ್ಮಣ್ಣ. “ಮಾಸ್ಕು, ಕೊಳವೆ.”

“ಮೇಲೆ ತೇಲಬಹುದು, ಅದೂ ಕೆಲವು ತಿಂಗಳು ಹೋಗ್ಲಿ. ದಮ್ಮು ಕಟ್ಟಿ ಮುಳುಗೋದು ಇನ್ನಿಲ್ಲ.”

ದಮ್ಮಣ್ಣ ಮಂಚದಿಂದ ಕಾಲು ಕೆಳಗಿಳಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, “ಚಪ್ಪಲಿ ಎಲ್ಲಿಟ್ಟಿದೀಯ?” ಎಂದು ಕೇಳಿದ.

ಮನೆಯಲ್ಲಿ ಈಗ ಯಾರ ಮೇಲೆ ಯಾರು ಕೂಗಬೇಕೆಂದೇ ಗೊತ್ತಾಗಲಿಲ್ಲ. ಮಗ ಹೆಂಡತಿಗೆ, “ಪಕ್ಕದಲ್ಲೇ ಇಟ್ಕೋತೀನಿ ಅಂದಿದ್ದೆ,” ಅಂದ. ಸೊಸೆ, “ಫೇಲ್ ಮಾಡ್ತೀನಿ ಅಂತಾನೂ ಅಂದಿದ್ದೆ,” ಅಂದಳು. ಅತ್ತೆ ಇಬ್ಬರ ನಡುವೆ ಬಂದು, “ಹೇಳಿದ್ದು ನಾನು. ಬಯ್ಯೋದಿದ್ರೆ ನನ್ನ ಬಯ್ರಿ,” ಅಂದಳು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ನಲ್ಲಿಯ ಹತ್ತಿರ ಅವಳು ಬಕೆಟ್ ತುಂಬಿ ಹರಿದರೂ ನೋಡುತ್ತ ನಿಂತಿರುತ್ತಿದ್ದಳು. ಅಜ್ಜಿಯೇ ಬಂದು ತಿರುಗಿಸಬೇಕಾಗುತ್ತಿತ್ತು.

ಬ್ಯಾಂಕಮ್ಮ ಹಣ್ಣಿನ ಬುಟ್ಟಿ ಹಿಡಿದು ಬಂದು ಅತ್ತಳು. “ನಿಮ್ಮಿಂದ ನಾನು ಬದುಕಿದೆ ಅಣ್ಣ,” ಅಂದಳು. ದಮ್ಮಣ್ಣ ಅವಳನ್ನು ಸಮಾಧಾನ ಮಾಡಿ ಕಳಿಸಿದ. ಅವನು ಮುಟ್ಟದಿದ್ದರೂ ಅವಳನ್ನು ನಿಧಾನವಾಗಿ ಮೇಲೆ ತರುವುದು ತನಗೆ ಗೊತ್ತಿತ್ತು ಎಂಬ ಮಾತನ್ನು ಸೊಸೆ ಅಡಿಗೆಮನೆಯಲ್ಲಿ ನಿಂತು ನುಂಗಿಕೊಂಡಳು. ಹೇಳಿ ಆಗುವುದೇನು? ಅವಳು ಟೀ ಸೋಸಿ ತಂದಿಟ್ಟಳು.

ಮನೆ ನಡೆಯಬೇಕಿತ್ತು. ಸೊಸೆ ಕೆಲಸಕ್ಕೆ ವಾಪಸು ಹೋದಳು. ದೋಣಿಯನ್ನು ಅಂಗಡಿಯ ಯಜಮಾನನೇ ದಿನಬಾಡಿಗೆಗೆ ತೆಗೆದುಕೊಂಡ, ಕಲಿಯುವವರನ್ನು ಹೊರಗಿನ ಬಂಡೆಗೆ ಸಾಗಿಸಲು. ಅದು ದಮ್ಮಣ್ಣನ ದೋಣಿ, ನಡೆಸುವವನು ಬೇರೆ. ಆಳದಲ್ಲಿ ಬಣ್ಣ ಇರುವವರೆಗೆ ಜನ ಬರುತ್ತಾರೆ, ಜನ ಬರುವವರೆಗೆ ಬಾಡಿಗೆ ಬರುತ್ತದೆ ಎಂಬ ಧೈರ್ಯದಲ್ಲಿ ಮನೆ ಉಸಿರಾಡುತ್ತಿತ್ತು.

ಅವಳು ಕೆಲಸಕ್ಕೆ ಹೋಗಿ ಬಂದ ಮೊದಲ ಸಂಜೆ ಊಟಕ್ಕೆ ಕೂತಾಗ ಯಾರೂ ಸಮುದ್ರದ ಮಾತು ಎತ್ತಲಿಲ್ಲ. ದಮ್ಮಣ್ಣನೇ ಕೇಳಿದ.

“ಏನು ನೋಡ್ದೆ ಇವತ್ತು?”

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯಾಡಿಸಿದಳು.

“ಆ ದೊಡ್ಡ ಬಂಡೆ ಸಂದೀಲಿ ಒಂದು ಆಕ್ಟೋಪಸ್ ಸೇರ್ಕೊಂಡಿದೆ ಮಾವ. ಬಾಗಿಲಿಗೆ ಚಿಪ್ಪು ಅಡ್ಡ ಇಟ್ಕೊಂಡು ಕೂತಿದೆ.”

“ಹೆಂಡ್ತಿ ಕಂಡ್ರೆ ಭಯ ಅದಕ್ಕೆ.”

ಎಷ್ಟೋ ದಿನದ ಮೇಲೆ ಅಜ್ಜಿ ನಕ್ಕಳು. ಅಲ್ಲಿಂದ ಮುಂದೆ ಅದೇ ಆ ಮನೆಯ ಉಪ್ಪಿನಕಾಯಿಯಾಯಿತು. ಸೊಸೆ ತಟ್ಟೆಯ ಮುಂದೆ ಕೂತ ತಕ್ಷಣ, “ಇವತ್ತೇನು?” ಟಾರ್ಚ್ ಎಲ್ಲಿಗೆ ಹಿಡಿದೆ, ಬಲಗಡೆಯ ಕಮಾನಿನ ಕೆಳಗೆ ಹಿಡಿದೆಯಾ, ಅಲ್ಲಿ ಕಿತ್ತಳೆ ಇತ್ತಲ್ಲ, ಇದೆಯಾ? ಒಂದೇ ಒಂದು ಸಲ ಇಳಿದು ಬಂದ ಬಂಡೆಯ ಮೂಲೆ ಮೂಲೆಯೂ ಅವನಿಗೆ ಬಾಯಿಪಾಠವಾಗಿತ್ತು. ಮಾತಾಡುವಾಗ ಪಕ್ಕೆ ಹಿಡಿದುಕೊಳ್ಳುತ್ತಿದ್ದ. ಉತ್ತರ ಕೇಳುವಾಗ ಅವನ ಉಸಿರು ನಿಲ್ಲುತ್ತಿತ್ತು. ಅಜ್ಜಿ ಮೊದಲಿನ ಹಾಗೆ ಕೂಗುತ್ತಿರಲಿಲ್ಲ. ಅವನು ಆಸ್ಪತ್ರೆಯಿಂದ ಬಂದ ಮೇಲೆ ಆ ಒಂದು ಶಬ್ದವನ್ನು ಅವಳು ಬಾಯಿಗೆ ತಂದಿರಲಿಲ್ಲ.

ಬಿಸಿಲು ಇಳಿಯಲಿಲ್ಲ. ನಲ್ಲಿಯ ನೀರೂ ಬೆಳಿಗ್ಗೆಯೇ ಬಿಸಿಯಾಗಿ ಬರುತ್ತಿತ್ತು. ಸೊಸೆ ಊಟಕ್ಕೆ ಕೂರುವುದು ತಡಮಾಡತೊಡಗಿದಳು, “ಏನಿಲ್ಲ ಮಾವ, ನೀರು ಕದಡಿತ್ತು,” ಅನ್ನತೊಡಗಿದಳು. ಎರಡು ಸಲ ಹಾಗೆ ಅಂದಳು. ಮೂರನೆಯ ಸಲ ದಮ್ಮಣ್ಣ ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿದ.

“ಗಾಳಿ ಇಲ್ಲ, ಮಳೆ ಇಲ್ಲ. ನೀರು ಹೇಗೆ ಕದಡುತ್ತೆ?”

ಸೊಸೆ ತಟ್ಟೆಯಂಚಿನ ಅನ್ನವನ್ನು ಒಳಗೆ ಸರಿಸಿದಳು.

“ಹೇಳಮ್ಮ.”

“ಬಂಡೆ ಮೇಲ್ಗಡೆ ಅಂಚು ಮಾವ,” ಅಂದಳು. “ಬೆಳ್ಳಗಾಗ್ತಿದೆ.”

ಮಗ ಲೋಟ ಕೆಳಗಿಟ್ಟ. ಅತ್ತೆಯ ಸೌಟು ಪಾತ್ರೆಯ ಮೇಲೇ ನಿಂತಿತು.

“ಆಳದಲ್ಲಿ ಬಣ್ಣ ಇಲ್ಲದ ಹಾಗೇ ಕಾಣುತ್ತೆ,” ಅಂದ ದಮ್ಮಣ್ಣ. “ನನಗೂ ಮೊದಲು ಹಾಗೇ ಕಂಡಿತ್ತು. ನೀನೇ ತೋರಿಸಿದ್ದಲ್ವಾ? ಟಾರ್ಚ್ ಹಾಕಿ ನೋಡಿದ್ಯಾ?”

“ಹಾಕ್ದೆ ಮಾವ.”

“ಹತ್ರ ಹಿಡಿದು?”

“ಹತ್ರ ಹಿಡಿದು.”

ದಮ್ಮಣ್ಣ ಸೊಸೆಯ ಮುಖವನ್ನೇ ನೋಡುತ್ತಿದ್ದ. ಅವನ ಎದೆ ಮೇಲೇಳಲಿಲ್ಲ, ಕೆಳಗಿಳಿಯಲಿಲ್ಲ. ಯಾರೂ ತಟ್ಟೆಗೆ ಕೈ ಹಾಕಲಿಲ್ಲ.

“ಉಸಿರು,” ಅಂದಳು ಅಜ್ಜಿ ಮೆಲ್ಲಗೆ. ಯಾರಿಗೆ ಅಂದಳೆಂದು ಯಾರೂ ಕೇಳಲಿಲ್ಲ. ಎಲ್ಲರೂ ಕಟ್ಟಿದ್ದ ದಮ್ಮು ಬಿಟ್ಟರು.